ಅಕ್ಕನ ಕೈಸಾಲ ಮೊದಲು ತೀರಿಸಿಬಿಡ್ಲಾ?

ದಿವಾಳಿ ಅರ್ಜಿ ಹಾಕಲು ವಕೀಲೆಯಾದ ನನ್ನ ಬಳಿ ಬರುವವರು ಬ್ಯಾಂಕು, ಕ್ರೆಡಿಟ್ ಕಾರ್ಡ್ ಅಂತ ಸಾಲದ ಪಟ್ಟಿಯನ್ನೆಲ್ಲ ಗಟ್ಟಿ ದನಿಯಲ್ಲೇ ಓದಿ ಮುಗಿಸುತ್ತಾರೆ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳುತ್ತಾರೆ: "ಮೇಡಂ, ಅಕ್ಕನಿಗೂ ಸ್ವಲ್ಪ ಕೊಡೋದಿದೆ. ಅದನ್ನ ಇದರೊಳಗೆ ತರೋದು ಬೇಡ, ಅರ್ಜಿ ಹಾಕೋ ಮುಂಚೆ ತೀರಿಸಿಬಿಡ್ತೀನಿ."

ನಾನು ಅವರನ್ನು ವಾಪಸ್ ಕರೆದು ಕೂರಿಸುತ್ತೇನೆ. ಅಸಲಿ ಮಾತು ಶುರುವಾಗುವುದೇ ಆಗ.

ಹಾಗೆ ಅನ್ನಿಸುವುದು ತಪ್ಪಲ್ಲ. ಬ್ಯಾಂಕು ಬಡ್ಡಿ ಎಣಿಸಿಕೊಂಡಿದೆ, ಅಕ್ಕ ಅಸಲನ್ನೂ ಬಾಯಿಬಿಟ್ಟು ಕೇಳಿಲ್ಲ. ಆದರೆ ಕಾನೂನಿನ ಕಣ್ಣಿಗೆ ಇಬ್ಬರೂ ಸಾಲ ಕೊಟ್ಟವರೇ. ಇರುವಷ್ಟನ್ನು ಎಲ್ಲರಿಗೂ ನಿಯಮದಂತೆ ಹಂಚಬೇಕೇ ಹೊರತು ಒಬ್ಬರಿಗೆ ಪೂರ್ತಿ ಕೊಟ್ಟು ಉಳಿದವರ ಮುಂದೆ ಕೈ ಎತ್ತುವಂತಿಲ್ಲ. ಹಾಗೆ ಕೊಟ್ಟದ್ದನ್ನು ವಾಪಸ್ ಕೇಳಬಹುದು. ಅದರಲ್ಲೂ ನೆಂಟರಿಗೆ ಕೊಟ್ಟಿದ್ದರ ಮೇಲೆ ಕಣ್ಣು ಜಾಸ್ತಿ. ಅಮೆರಿಕದಲ್ಲಿ ಹೊರಗಿನವರಿಗೆ ಕೊಟ್ಟ ಹಣಕ್ಕೆ ಅರ್ಜಿಯ ಹಿಂದಿನ 90 ದಿನ ನೋಡಿದರೆ, ಮನೆಯವರಿಗೆ ಕೊಟ್ಟಿದ್ದಕ್ಕೆ ಒಂದು ವರ್ಷ ಹಿಂದಕ್ಕೆ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಹೊರಗಿನವರಿಗೆ 6 ತಿಂಗಳು, ಮನೆಯವರಿಗೆ 2 ವರ್ಷ. ಅಲ್ಲಿ ಮನೆಯವರ ವಿಷಯದಲ್ಲಿ ಬೇಕಂತಲೇ ಕೊಟ್ಟದ್ದು ಅಂತ ಕಾನೂನೇ ಮೊದಲು ಊಹಿಸಿಕೊಳ್ಳುತ್ತದೆ. ಭಾರತದಲ್ಲಿ, ಕಂಪನಿ ಸಾಲಕ್ಕೆ ಜಾಮೀನು ನಿಂತವರನ್ನು ಬಿಟ್ಟರೆ, ಸಾಮಾನ್ಯ ಜನರಿಗೆ ಇನ್ನೂ 1909 ಮತ್ತು 1920ರ ಹಳೇ ದಿವಾಳಿ ಕಾಯ್ದೆಗಳೇ.

ಈಗ ಹೇಳಿ, ಆ ಹಣವನ್ನು ಯಾರಿಂದ ವಾಪಸ್ ಕೇಳುತ್ತಾರೆ? ನಿಮ್ಮಿಂದಲ್ಲ. ಅಕ್ಕನಿಂದ. ಟ್ರಸ್ಟಿಯ, ಅಂದರೆ ದಿವಾಳಿಯಾದವರ ಆಸ್ತಿಯನ್ನು ಸಾಲ ಕೊಟ್ಟವರಿಗೆ ಹಂಚುವವರ, ಪತ್ರ ಹೋಗುವುದು ಅವರ ಮನೆಗೆ. ನನ್ನ ಬಳಿ ಬಂದಿದ್ದ ಒಬ್ಬರು ಅರ್ಜಿಗೆ ನಾಲ್ಕು ತಿಂಗಳು ಮುಂಚೆ ತಮ್ಮನ ಸಾಲವನ್ನು ಒಂದೇ ಕಂತಿನಲ್ಲಿ ತೀರಿಸಿ ಋಣ ಹರಿಯಿತು ಅಂದುಕೊಂಡಿದ್ದರು. ತಮ್ಮ ಆ ದುಡ್ಡನ್ನು ಮಗಳ ಕಾಲೇಜು ಫೀಸಿಗೆ ಕಟ್ಟಿಯಾಗಿತ್ತು, ಆಮೇಲೆ ಪತ್ರ ಬಂತು, ಕೊನೆಗೆ ಬೇರೆ ಕಡೆ ಸಾಲ ಮಾಡಿ ಹಿಂದಿರುಗಿಸಬೇಕಾಯಿತು. ಅವರಿಬ್ಬರ ನಡುವೆ ಇವತ್ತಿಗೂ ಮಾತು ಅಷ್ಟಕ್ಕಷ್ಟೆ.

ಹಾಗಾದರೆ ಅಕ್ಕನ ಹೆಸರನ್ನೇ ಬರೆಯದೆ ಬಿಟ್ಟರೆ? ಬೇಡ. ಪಟ್ಟಿಗೆ ನೀವು ಪ್ರಮಾಣ ಮಾಡಿ ಸಹಿ ಹಾಕುತ್ತೀರಿ. ಅಮೆರಿಕದ ನಮೂನೆಯಲ್ಲಂತೂ, ಕಳೆದ ಒಂದು ವರ್ಷದಲ್ಲಿ ಹತ್ತಿರದವರ ಸಾಲಕ್ಕೆ ಏನಾದರೂ ಕಟ್ಟಿದ್ದೀರಾ ಅಂತ ಒಂದು ಪ್ರಶ್ನೆಯೇ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಸುಮ್ನೆ ಇರುವುದಿಲ್ಲ. ಮುಚ್ಚಿಟ್ಟದ್ದು ಹೊರಬಿದ್ದರೆ ಅಕ್ಕನ ಸಾಲದ ಮಾತು ಹಾಗಿರಲಿ, ಬೇರೆ ಸಾಲಗಳಿಂದ ಸಿಗಬೇಕಿದ್ದ ಬಿಡುಗಡೆಯೂ ಕೈತಪ್ಪಬಹುದು. ಹಳೇ ತಾರೀಕು ಹಾಕಿ ಈಗ ಸಾಲಪತ್ರ ಮಾಡಿಸಿಕೊಳ್ಳೋಣ್ವಾ ಅಂತ ಕೇಳುವವರೂ ಇದ್ದಾರೆ. ಅಂಥವರಿಗೆ ನಾನು ಬೇರೆ ವಕೀಲರನ್ನು ನೋಡಿಕೊಳ್ಳಿ ಅನ್ನುತ್ತೇನೆ. ಪತ್ರ ಇಲ್ಲದಿದ್ದರೂ ಕೈಸಾಲ ಸಾಲವೇ. ದುಡ್ಡು ಹಾಕಿದ ದಿನದ ದಾಖಲೆ, "ನಿಧಾನಕ್ಕೆ ಕೊಡು" ಅಂತ ಬಂದ ಮೆಸೇಜು, ಇವನ್ನು ಅಳಿಸದೆ ಇಟ್ಟುಕೊಳ್ಳಿ. ಅದು ಉಡುಗೊರೆಯೋ ಸಾಲವೋ ಅನ್ನುವ ತಕರಾರು ಎದ್ದಾಗ ಬೇಕಾಗುತ್ತವೆ.

ಜನ ಮರೆಯುವುದು ಜಾಮೀನನ್ನು. ಬ್ಯಾಂಕ್ ಸಾಲಕ್ಕೆ ಅಪ್ಪ ಸಹಿ ಹಾಕಿದ್ದರೆ, ನೀವು ಬಿಡುಗಡೆಯಾದರೂ ಅಪ್ಪ ಆಗುವುದಿಲ್ಲ. ಬ್ಯಾಂಕು ಸೀದಾ ಅವರ ಕಡೆ ತಿರುಗುತ್ತದೆ. ಅಕ್ಕನ ಚಿಂತೆಗಿಂತ ಮೊದಲು ಇದನ್ನು ನನಗೆ ಹೇಳಿ ಮಾರಾಯ್ರೇ!

ಅಕ್ಕನ ದುಡ್ಡು ಮುಳುಗಿತು ಅಂತಲೇ ಅಲ್ಲ. ಬಿಡುಗಡೆಯಾದ ಮೇಲೆ ಕೊಡಲೇಬೇಕು ಅನ್ನುವ ಕಾನೂನಿನ ಕಟ್ಟು ಹೋಗುತ್ತದೆ, ಕೊಡಬಾರದು ಅಂತ ಯಾರೂ ತಡೆಯುವುದಿಲ್ಲ. ಸ್ವಂತ ಇಷ್ಟದಿಂದ ತೀರಿಸಬಹುದು ಅಂತ ಅಮೆರಿಕದ ಕಾನೂನಿನಲ್ಲೇ ಬರೆದಿದೆ. ಎಲ್ಲ ಮುಗಿದ ಮೇಲೆ, ಹೊಸದಾಗಿ ದುಡಿದ ದುಡ್ಡಿನಿಂದ, ತಿಂಗಳಿಗಿಷ್ಟು ಅಂತ ಕೊಡಿ. ಆಗ ಅದನ್ನು ಯಾರೂ ಅವರ ಕೈಯಿಂದ ಕಿತ್ತುಕೊಳ್ಳುವುದಿಲ್ಲ.

ಅಂದಹಾಗೆ, ಪಟ್ಟಿಯಲ್ಲಿ ಹೆಸರಿದ್ದ ಮೇಲೆ ಅಕ್ಕನಿಗೂ ಕೋರ್ಟಿನ ನೋಟಿಸು ಹೋಗುತ್ತದೆ. ಅದು ತಲುಪುವ ಮುಂಚೆ ನೀವೇ ಒಂದು ಫೋನ್ ಮಾಡಿಬಿಡಿ.