ಜಪಾಟಾ ವೆಸ್ಟರ್ನ್

1960ರ ದಶಕದ ನಡುವಿನಿಂದ ಇಟಲಿಯಲ್ಲಿ ತಯಾರಾದ ನೂರಾರು ಕೌಬಾಯ್ ಚಿತ್ರಗಳ ಪೈಕಿ, 1910ರಲ್ಲಿ ಆರಂಭವಾದ ಮೆಕ್ಸಿಕೊ ಕ್ರಾಂತಿಯ ಹಿನ್ನೆಲೆಯಲ್ಲಿ ಕತೆ ಹೇಳುತ್ತ ತಮ್ಮದೇ ಕಾಲದ ಎಡಪಂಥೀಯ ರಾಜಕಾರಣವನ್ನು ಚರ್ಚಿಸಿದ ಒಂದು ಸಣ್ಣ ಗುಂಪನ್ನು ವಿಮರ್ಶಕರು ‘ಜಪಾಟಾ ವೆಸ್ಟರ್ನ್’ ಎಂದು ಕರೆಯುತ್ತಾರೆ. ಮೊರೆಲೊಸ್ ಪ್ರಾಂತದ ರೈತರ ಭೂಮಿಗಾಗಿ ಹೋರಾಡಿ, 1919ರಲ್ಲಿ ಮೋಸದಿಂದ ಹತನಾದ ಎಮಿಲಿಯಾನೊ ಜಪಾಟಾನ ಹೆಸರು ಇಲ್ಲಿ ಭೂಹೀನರ ದಂಗೆಯ ಗುರುತಾಗಿ ಬಂದಿದೆಯೇ ಹೊರತು, ಈ ಚಿತ್ರಗಳು ಅವನ ಜೀವನಚರಿತ್ರೆಗಳಲ್ಲ.

ಕ್ರಾಂತಿಯ ಹಿನ್ನೆಲೆಗಿಂತಲೂ ಈ ಪ್ರಕಾರವನ್ನು ಖಚಿತವಾಗಿ ಗುರುತಿಸಲು ನೆರವಾಗುವುದು ಇಬ್ಬರು ಗಂಡಸರ ನಡುವಿನ ಸಂಬಂಧ. ಒಬ್ಬ ಮೆಕ್ಸಿಕೊದ ಬಡ ಡಕಾಯಿತ. ಇನ್ನೊಬ್ಬ ಶಸ್ತ್ರವಿದ್ಯೆ ಬಲ್ಲ, ಹಣದ ಲೆಕ್ಕ ಬಲ್ಲ ಪರದೇಶಿ. ಹಾಲಿವುಡ್ಡಿನ ಕತೆಯಲ್ಲಾದರೆ ಈ ಬಿಳಿಯ ಆಗಂತುಕನೇ ಹಳ್ಳಿಯನ್ನು ಕಾಪಾಡುತ್ತಿದ್ದ. ಇಲ್ಲಿ ಅವನ ನೆರವನ್ನೇ ಅನುಮಾನದಿಂದ ನೋಡಲಾಗುತ್ತದೆ.

ಡಾಮಿಯಾನೊ ಡಾಮಿಯಾನಿ ನಿರ್ದೇಶಿಸಿ 1966ರಲ್ಲಿ ತೆರೆಕಂಡ, ಇಂಗ್ಲಿಷಿನಲ್ಲಿ ‘ಎ ಬುಲೆಟ್ ಫಾರ್ ದ ಜನರಲ್’ ಎಂಬ ಹೆಸರು ಪಡೆದ ಚಿತ್ರದಲ್ಲಿ ಈ ಅನುಮಾನ ಅತ್ಯಂತ ಬಿಗಿಯಾಗಿ ರೂಪುಗೊಂಡಿದೆ. ಜಾನ್ ಮರಿಯಾ ವೊಲೊಂಟೆ ಅಭಿನಯಿಸಿದ ಚುಂಚೊ ಎಂಬ ಡಕಾಯಿತ ಸೈನ್ಯದ ಬಂದೂಕುಗಳನ್ನು ದೋಚಿ ಕ್ರಾಂತಿಕಾರಿ ಜನರಲ್ ಎಲಿಯಾಸನಿಗೆ ಮಾರುತ್ತಿರುತ್ತಾನೆ. ಅವನ ತಂಡವನ್ನು ಸೇರುವ ಅಮೆರಿಕದ ತರುಣ ಬಿಲ್ ಟೇಟ್‌ನ ಪೆಟ್ಟಿಗೆಯಲ್ಲಿ ಚಿನ್ನದ ಗುಂಡೊಂದಿದೆ, ಮತ್ತು ಅದು ಆ ಜನರಲ್‌ನಿಗಾಗಿಯೇ ಕಾದಿರಿಸಿದ್ದು. ಕೊಲೆ ಮುಗಿದ ಮೇಲೆ ಟೇಟ್ ಬಹುಮಾನದ ಹಣವನ್ನು ಚುಂಚೊನೊಂದಿಗೆ ಪ್ರಾಮಾಣಿಕವಾಗಿಯೇ ಹಂಚಿಕೊಳ್ಳುತ್ತಾನೆ. ಹಾಗಿರುವುದರಿಂದಲೇ ಕತೆ ಸರಳವಾದ ದ್ರೋಹದ ಕತೆಯಾಗದೆ ಉಳಿಯುತ್ತದೆ. ರೈಲು ನಿಲ್ದಾಣದಲ್ಲಿ ಅವನು ಸರದಿಯಲ್ಲಿ ನಿಂತ ಬಡವರನ್ನು ತಳ್ಳಿ ಮುಂದೆ ಹೋಗುವುದನ್ನು ನೋಡುವ ಚುಂಚೊ ಕೊನೆಗೆ ಅವನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಏಕೆಂದು ಕೇಳಿದರೆ ‘ಯಾರಿಗೆ ಗೊತ್ತು’ ಎಂಬುದಷ್ಟೇ ಅವನ ಉತ್ತರ, ಚಿತ್ರದ ಮೂಲ ಶೀರ್ಷಿಕೆಯೂ ಅದೇ. ರಾಜಕೀಯ ಪ್ರಜ್ಞೆ ಭಾಷಣದಿಂದಲ್ಲ, ಕಣ್ಣಿಗೆ ಬಿದ್ದ ಒಂದು ಸಣ್ಣ ಅವಮಾನದಿಂದ ಹುಟ್ಟುತ್ತದೆಂದು ತೋರಿಸುವ ಈ ಕೊನೆ ಇಡೀ ಪ್ರಕಾರದಲ್ಲೇ ಶ್ರೇಷ್ಠವೆಂದು ನನಗನಿಸುತ್ತದೆ.

ಈ ಚಿತ್ರದ ಬರವಣಿಗೆಯಲ್ಲಿ ಪಾಲ್ಗೊಂಡ ಫ್ರಾಂಕೊ ಸೊಲಿನಾಸ್ ಫ್ರೆಂಚ್ ಆಳ್ವಿಕೆಯ ವಿರುದ್ಧ ಅಲ್ಜೀರಿಯದ ಜನ ನಡೆಸಿದ ಹೋರಾಟವನ್ನು ಚಿತ್ರಿಸಿ ಅದೇ ವರ್ಷ ಬಂದ ‘ಬ್ಯಾಟಲ್ ಆಫ್ ಅಲ್ಜಿಯರ್ಸ್’ ಚಿತ್ರಕಥೆಯ ಲೇಖಕ ಎಂಬುದನ್ನು ನೆನೆದರೆ ಉದ್ದೇಶ ಸ್ಪಷ್ಟವಾಗುತ್ತದೆ. ವಿಯೆಟ್ನಾಂ ಯುದ್ಧ ತೀವ್ರವಾಗುತ್ತಿದ್ದ, ಲ್ಯಾಟಿನ್ ಅಮೆರಿಕದ ಸರ್ಕಾರಗಳನ್ನು ಉರುಳಿಸುವಲ್ಲಿ ಅಮೆರಿಕದ ಕೈವಾಡ ಬಯಲಾಗುತ್ತಿದ್ದ ದಿನಗಳಲ್ಲಿ, ಸೂಟು ತೊಟ್ಟು ಕೊಲ್ಲಲು ಬಂದ ಟೇಟ್ ಯಾರನ್ನು ಹೋಲುತ್ತಾನೆಂದು ಇಟಲಿಯ ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ. ಇಂಥ ಕ್ರಾಂತಿಪರ ಚಿತ್ರಗಳಲ್ಲಿ ಹಲವು ಸರ್ವಾಧಿಕಾರಿ ಫ್ರಾಂಕೊ ಆಳುತ್ತಿದ್ದ ಸ್ಪೇನಿನ ಅಲ್ಮೇರಿಯಾದ ಬಯಲುಗಳಲ್ಲಿಯೇ ಚಿತ್ರೀಕರಣಗೊಂಡವು ಎಂಬುದು ಬೇರೆಯೇ ವಿಪರ್ಯಾಸ.

ಸೆರ್ಜಿಯೊ ಕೊರ್ಬುಚ್ಚಿ ‘ದ ಮರ್ಸೆನರಿ’ (1968) ಮತ್ತು ‘ಕಂಪಾನ್ಯೆರೋಸ್’ (1970) ಚಿತ್ರಗಳಲ್ಲಿ ಪರದೇಶಿಯನ್ನು ಕ್ರಮವಾಗಿ ಪೋಲೆಂಡಿನವನನ್ನಾಗಿಯೂ ಸ್ವೀಡನ್ನಿನವನನ್ನಾಗಿಯೂ ಮಾಡಿ, ವ್ಯಂಗ್ಯವನ್ನು ಹೆಚ್ಚಿಸಿದ. ರಂಜನೆ ಬೆಳೆಯಿತು, ಮೊನಚು ಮಾತ್ರ ತುಸು ಕಡಿಮೆಯಾಯಿತು. 1971ರಲ್ಲಿ ಸೆರ್ಜಿಯೊ ಲಿಯೋನೆ ‘ಡಕ್, ಯು ಸಕ್ಕರ್’ ಚಿತ್ರದಲ್ಲಿ ಐರ್ಲೆಂಡಿನ ಒಬ್ಬ ಮಾಜಿ ಕ್ರಾಂತಿಕಾರಿಯನ್ನು ಮೆಕ್ಸಿಕೊಗೆ ಕರೆತಂದು ಪ್ರಶ್ನೆಯನ್ನೇ ತಿರುಗಿಸಿದ: ಪುಸ್ತಕ ಓದಿದವರು ಬಡವರನ್ನು ಬದಲಾವಣೆಗೆ ಹುರಿದುಂಬಿಸುತ್ತಾರೆ, ಸಾಯುವವರು ಬಡವರು ಎಂದು ಅದರಲ್ಲಿನ ಡಕಾಯಿತ ಸಿಟ್ಟಿನಿಂದ ಹೇಳುತ್ತಾನೆ. ಈ ಪ್ರಕಾರದೊಳಗಿಂದಲೇ ಅದರ ಮೇಲೆ ಬಂದ ಅತ್ಯಂತ ಕಟುವಾದ ಟೀಕೆ ಇದು. ಅಷ್ಟರಲ್ಲಿ ಇಟಲಿಯ ಚಿತ್ರಮಂದಿರಗಳನ್ನು ‘ಟ್ರಿನಿಟಿ’ ಸರಣಿಯ ಹಾಸ್ಯ ವೆಸ್ಟರ್ನ್‌ಗಳು ಆಕ್ರಮಿಸಿದ್ದವು.