ಮಂಕಾಗಿದ್ದು ಹಾಡಲ್ಲ, ಕಿವಿ

ಮಿಕ್ಸಿಂಗ್ ಮಾಡುವಾಗ, ಅಂದರೆ ಹಾಡಿನ ಗಾಯನ, ವಾದ್ಯಗಳ ಧ್ವನಿಗಳನ್ನು ಹದವಾಗಿ ಬೆರೆಸುವಾಗ, ಕಿವಿ ದಣಿದದ್ದು ಆ ಕ್ಷಣಕ್ಕೆ ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಕೇಳಿದಾಗ, ರಾತ್ರಿ ಹೊಳೆಯುತ್ತಿದ್ದ ಗಾಯನ ಚುಚ್ಚುತ್ತದೆ, 'ಸ'ಕಾರ 'ಶ'ಕಾರಗಳು ಸೀಟಿ ಹೊಡೆಯುತ್ತವೆ. ಜೋರು ಶಬ್ದದಲ್ಲಿ ಬಹಳ ಹೊತ್ತು ಕುಳಿತರೆ ಕಿವಿಯ ಸೂಕ್ಷ್ಮತೆ ತಾತ್ಕಾಲಿಕವಾಗಿ ಕುಗ್ಗುತ್ತದೆ. ಹೆಚ್ಚು ಪೆಟ್ಟು ಬೀಳುವುದು 3ರಿಂದ 6 ಕಿಲೋಹರ್ಟ್ಸ್ ನಡುವೆ. ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕಾದರೆ ಬೇಕಾಗುವ ಜಾಗವೂ ಅದರ ಆಸುಪಾಸಿನದೇ. ಗಾಯನ ಮಸುಕಾಯಿತೆಂದು 4 ಕಿಲೋಹರ್ಟ್ಸ್‌ನಲ್ಲಿ 2 ಡೆಸಿಬಲ್ ಏರಿಸುತ್ತೀರಿ, ಅರ್ಧ ಗಂಟೆ ಬಿಟ್ಟು ಇನ್ನೊಂದು.

ಈ ದಣಿವಿಗೆ ಬ್ರೇಕು ಬೇಕು, ಆದರೆ ಬ್ರೇಕಿಗೂ ಮೊದಲು ವಾಲ್ಯೂಮ್ ಸರಿಯಿರಬೇಕು. ಸಣ್ಣ ಕೋಣೆಯಲ್ಲಿ 75 ಡೆಸಿಬಲ್ ಸುತ್ತಮುತ್ತ ಸಾಕು. ಮಾನಿಟರ್ (ಸ್ಟುಡಿಯೋ ಸ್ಪೀಕರ್) ವಾಲ್ಯೂಮ್ ನಾಬಿನ ಪಕ್ಕ ಟೇಪ್ ಅಂಟಿಸಿ ಗುರುತು ಹಾಕಿ. ಇಲ್ಲದಿದ್ದರೆ ಕೈ ತಾನಾಗಿ ಏರಿಸುತ್ತಾ ಹೋಗುತ್ತದೆ. ಕೆಲಸದ ಸ್ಥಳದ ಶಬ್ದಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಸ್ಥೆ ನೈಯಾಶ್ (NIOSH) ಸೂಚಿಸುವ ಮಿತಿ 85 ಡೆಸಿಬಲ್‌ಗೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ, ಅಂದರೆ 94ರಲ್ಲಿ ಒಂದೇ ಗಂಟೆ. ಆ ಮಟ್ಟದಲ್ಲಿ ಸಂಜೆಯಿಡೀ ಕೂತವರಿಗೆ ಹತ್ತು ನಿಮಿಷದ ಬ್ರೇಕು ಯಾವ ಲೆಕ್ಕಕ್ಕೂ ಇಲ್ಲ.

ಮಿತವಾದ ವಾಲ್ಯೂಮಿನಲ್ಲಿ 45 ನಿಮಿಷ ಕೆಲಸ, 10 ನಿಮಿಷ ಬಿಡುವು ಒಳ್ಳೆಯ ಲೆಕ್ಕ. ಬಿಡುವು ಅಂದರೆ ಮೌನ. ಇಯರ್‌ಫೋನ್ ಸಿಕ್ಕಿಸಿಕೊಂಡು ವಿಡಿಯೋ ನೋಡಿದರೆ ಅದೂ ಕಿವಿಯ ಕೆಲಸವೇ.

ಬಹಳ ಜನ ಹಾಳುಮಾಡಿಕೊಳ್ಳುವುದು ವಾಪಸ್ ಬಂದ ಮೊದಲ ನಿಮಿಷವನ್ನು. ಬಂದವರೇ ಬಿಟ್ಟುಹೋದ ನಾಲ್ಕು ಬಾರ್‌ಗಳ ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು) ಒತ್ತಿ, ಸ್ನೇರ್ ಡ್ರಮ್ ಒಂದೇ ಕೇಳುವಂತೆ ಸೋಲೋ ಮಾಡುತ್ತಾರೆ. ಮಿದುಳು ಹಾಡಿನ ಸಮತೋಲಕ್ಕೆ ಬೇಗ ಒಗ್ಗಿಬಿಡುತ್ತದೆ. ಒಗ್ಗಿದ ಮೇಲೆ ಅತಿಯಾದ ರಿವರ್ಬ್ (ಅನುರಣನ) ಕೂಡ ಸಹಜವೆನಿಸುತ್ತದೆ. ಆದ್ದರಿಂದ ಏಳುವ ಮುನ್ನವೇ ಸೆಷನ್ ಸೇವ್ ಮಾಡಿ, ಸೋಲೋ, ಲೂಪ್ ತೆಗೆದು, ಕರ್ಸರನ್ನು ಹಾಡಿನ ಆರಂಭಕ್ಕೆ ತಂದಿಡಿ. ಬಂದಮೇಲೆ ಪ್ಲೇ ಒತ್ತಿ, ಪರದೆ ಆಫ್ ಮಾಡಿ, ಯಾವ ಫೇಡರನ್ನೂ (ಮಟ್ಟ ಏರಿಳಿಸುವ ಜಾರುಗುಂಡಿ) ಮುಟ್ಟದೆ ಕೊನೆವರೆಗೆ ಕೇಳಿ. ಕಾಗದದ ಮೇಲೆ '1:12, ಬೇಸ್ ಮುಳುಗಿದೆ' ಎಂಬಷ್ಟು ಬರೆದರೆ ಸಾಕು.

ಹೋಲಿಕೆಗೆ ಇಟ್ಟುಕೊಂಡ ರೆಫರೆನ್ಸ್ ಹಾಡು ಅದಾದ ನಂತರ. ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೆಯ ಹಂತ) ಆದ ಹಾಡು ಜೋರಾಗಿರುವುದರಿಂದ ಅದನ್ನು ನಿಮ್ಮ ಮಿಕ್ಸಿನ ಮಟ್ಟಕ್ಕೆ ಇಳಿಸಿಕೊಳ್ಳಿ. ಇಳಿಸದಿದ್ದರೆ ನಿಮ್ಮದು ಸಪ್ಪೆಯೆನಿಸಿ, ಕೈ ಮತ್ತೆ 4 ಕಿಲೋಹರ್ಟ್ಸ್‌ಗೇ ಹೋಗುತ್ತದೆ.

ಕಿವಿಯಲ್ಲಿ ಗುಂಯ್‌ಗುಡುವಿಕೆ ಶುರುವಾದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ. ಮರುದಿನವೂ ಇದ್ದರೆ ಹೋಗಬೇಕಾದದ್ದು ಸ್ಟುಡಿಯೋಗಲ್ಲ, ಕಿವಿ ವೈದ್ಯರ ಬಳಿಗೆ.