ಹೋಟಾಸ್: ಬರೀ ಜಾಯ್‌ಸ್ಟಿಕ್ ಸಾಕೇ, ಥ್ರಾಟಲ್ಲೂ ಬೇಕೇ?

ಫ್ಲೈಟ್ ಸಿಮ್ಯುಲೇಟರ್ ಆಡುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಪದ ಹೋಟಾಸ್. ‘ಹ್ಯಾಂಡ್ಸ್ ಆನ್ ಥ್ರಾಟಲ್ ಆಂಡ್ ಸ್ಟಿಕ್’ ಎಂಬುದರ ಚುಟುಕು ರೂಪ. ಯುದ್ಧವಿಮಾನದ ಪೈಲಟ್‌ಗೆ ಒಂದು ಕೈ ಸ್ಟಿಕ್ ಮೇಲೆ, ಇನ್ನೊಂದು ಥ್ರಾಟಲ್ ಮೇಲೆ; ರೇಡಾರ್, ರೇಡಿಯೊ, ಆಯುಧ ಯಾವುದಕ್ಕೂ ಕೈ ತೆಗೆಯಬೇಕಾಗದಂತೆ ಗುಂಡಿಗಳೆಲ್ಲ ಅವೆರಡರ ಮೇಲೇ ಇರುತ್ತವೆ. ನಮ್ಮ ತೇಜಸ್‌ನಲ್ಲೂ ಇದೇ ಏರ್ಪಾಡು. ಗೇಮ್ ಆಡುವವರಲ್ಲಿ ಸ್ಟಿಕ್ಕೂ ಥ್ರಾಟಲ್ಲೂ ಸೇರಿದ ಜೋಡಿಗೇ ಹೋಟಾಸ್ ಎಂಬ ಹೆಸರು ನಿಂತುಬಿಟ್ಟಿದೆ.

ಸ್ಟಿಕ್ ವಿಮಾನದ ಮೂತಿಯನ್ನು ಏರಿಸಿ ಇಳಿಸುತ್ತದೆ, ರೆಕ್ಕೆಯನ್ನು ವಾಲಿಸುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ. ಥ್ರಾಟಲ್ ಎಂಜಿನ್ನಿನ ಬಲಕ್ಕೆ. ಅದು ಬಿಟ್ಟಲ್ಲೇ ನಿಲ್ಲಬೇಕು.

ಕೊಳ್ಳುವಾಗ ಹೆಚ್ಚಿನವರು ವಿಚಾರಿಸುವುದು ಸ್ಟಿಕ್ಕನ್ನೇ. ಲ್ಯಾಂಡಿಂಗ್ ಕಲಿಯುವವರಿಗೆ ಥ್ರಾಟಲ್ಲೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಮ್ಯುಲೇಟರ್‌ನಲ್ಲಿ ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೇ ಇಳಿದು ನೋಡಿ. ರನ್‌ವೇ ಉದ್ದ 1,740 ಮೀಟರ್, ಅಷ್ಟೇ. ಪೂರ್ವದಿಂದ ಬರುವಾಗ ಚಾಮುಂಡಿ ಬೆಟ್ಟ ಬಲಕ್ಕೆ ಸರಿಯುತ್ತದೆ. ವಿಮಾನ ತುಸು ತಗ್ಗಿತು ಅನ್ನಿಸಿದ ತಕ್ಷಣ ಹೊಸಬರು ಸ್ಟಿಕ್ಕನ್ನು ಹಿಂದಕ್ಕೆಳೆಯುತ್ತಾರೆ. ಮೂತಿ ಏಳುತ್ತದೆ, ವೇಗ ಬೀಳುತ್ತದೆ, ವಿಮಾನ ಇನ್ನೂ ಕುಸಿಯುತ್ತದೆ. ಆಗ ಬೇಕಾದದ್ದು ಥ್ರಾಟಲ್ ಹಿಡಿದ ಕೈಯಿಂದ ಒಂದಿಷ್ಟೇ ಬಲ. ಬರೀ ಜಾಯ್‌ಸ್ಟಿಕ್ ಕೊಂಡರೆ ಥ್ರಾಟಲ್ ಬದಲಿಗೆ ಇರುವುದು ಸ್ಟಿಕ್ಕಿನ ಬುಡದ ಗಿಡ್ಡ ಲಿವರ್; ಆ ‘ಒಂದಿಷ್ಟೇ’ ಎಂಬುದು ಅದರಲ್ಲಿ ಸಿಗುವುದು ಕಷ್ಟ. ಬೆರಳು ಚೂರು ಜಾರಿದರೂ ಎಂಜಿನ್ ಅಬ್ಬರಿಸುತ್ತದೆ. ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿಡಬ್ಲ್ಯೂಸಿಎಸ್ ಎಂಬ ಬಿಡಿ ಥ್ರಾಟಲ್‌ನ ಹಿಡಿ 80 ಮಿಲಿಮೀಟರ್ ಸರಿಯುತ್ತದೆ. ಇಡೀ ಅಂಗೈಯೂರಿ ಮಿಲಿಮೀಟರ್ ಲೆಕ್ಕದಲ್ಲಿ ತಳ್ಳಬಹುದು, ವಿಮಾನ ಇಳಿಯುವ ಓರೆದಾರಿ ಅಲುಗದೆ ನಿಲ್ಲುತ್ತದೆ.

ಸ್ಟಿಕ್‌ನಲ್ಲಿ ನೋಡಬೇಕಾದದ್ದು ಅದರ ಅಲುಗಾಟ ಅಳೆಯುವ ಒಳಗಿನ ಸೆನ್ಸರ್. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಪೊಟೆನ್ಷಿಯೊಮೀಟರ್. ಅದರಲ್ಲಿ ಒಂದು ಭಾಗ ಇನ್ನೊಂದಕ್ಕೆ ಉಜ್ಜುತ್ತಲೇ ಇರುತ್ತದೆ. ಸವೆದು ಧೂಳು ಕೂತ ಮೇಲೆ, ನೀವು ಮುಟ್ಟದಿದ್ದರೂ ವಿಮಾನ ನಡುಗತೊಡಗುತ್ತದೆ. ಹಾಲ್ ಸೆನ್ಸರ್ ಆಯಸ್ಕಾಂತದಿಂದ ಅಳೆಯುತ್ತದೆ, ಉಜ್ಜುವ ಮಾತೇ ಇಲ್ಲ. ಬೆಲೆ ಜಾಸ್ತಿಯಾದರೂ ಹಾಲ್ ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ. ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರನ್ನು ಹಿಡಿಯನ್ನೇ ತಿರುವಿ ಆಡಿಸುವ ಸೌಕರ್ಯವಿದ್ದರೆ ಸದ್ಯಕ್ಕೆ ಕಾಲಿನ ಪೆಡಲ್ ಬೇಕಿಲ್ಲ.

ಯಾವ ವಿಮಾನ ಹಾರಿಸುತ್ತೀರಿ ಎಂಬುದೂ ಮುಖ್ಯ. ಮೈಸೂರಿಗೆ ಬಂದು ಹೋಗುವ ಎಟಿಆರ್ 72ರಲ್ಲಿ ಇರುವುದು ಸ್ಟಿಕ್ ಅಲ್ಲ, ಕಾರಿನ ಸ್ಟಿಯರಿಂಗ್‌ನಂತೆ ಹಿಡಿಯುವ ಯೋಕ್. ಏರ್‌ಬಸ್ ಎ320ರಲ್ಲಿ ಸ್ಟಿಕ್ ಇದೆ, ಆದರೆ ಎಡಗಡೆ ಕೂರುವ ಕ್ಯಾಪ್ಟನ್ ಅದನ್ನು ಎಡಗೈಯಲ್ಲಿ ಹಿಡಿಯುತ್ತಾರೆ, ಥ್ರಾಟಲ್ ಬಲಗೈಗೆ. ಬಲಗೈ ಅಚ್ಚಿಗೆ ಮಾಡಿದ ಸ್ಟಿಕ್ ಅಲ್ಲಿ ಕೈಗೆ ಒಗ್ಗುವುದಿಲ್ಲ. ಎರಡೂ ಕೈಗೆ ಹೊಂದಿಸಿಕೊಳ್ಳಬಹುದಾದ, ಥ್ರಸ್ಟ್‌ಮಾಸ್ಟರ್‌ನದೇ ಟಿ.16000ಎಂ ಇದಕ್ಕೆ ಸರಿ. ಅದರ ಸ್ಟಿಕ್‌ನಲ್ಲಿ ಹಾಲ್ ಸೆನ್ಸರ್ರೂ ಇದೆ, ಟಿಡಬ್ಲ್ಯೂಸಿಎಸ್ ಜೊತೆಗಿನ ಜೋಡಿಯಾಗಿಯೂ ಬರುತ್ತದೆ.